ಹಳೇ ಸೈಕಲ್ಲಿಗೆ ಬಣ್ಣ ಬೇಡ, ದಾರಿ ಬೇಕು

ಕಳೆದ ವರ್ಷ ಕೆ.ಆರ್.ಪೇಟೆ ತಾಲ್ಲೂಕಿನ ನಮ್ಮ ಹಳ್ಳಿ ಮನೆಯ ಅಟ್ಟ ಖಾಲಿ ಮಾಡಿಸುವಾಗ ತಾತನ ರ‍್ಯಾಲಿ ಸೈಕಲ್ ಕೆಳಗಿಳಿಯಿತು. ಗುಜರಿಯವನು ತಕ್ಕಡಿ ಸಮೇತ ಬಾಗಿಲಲ್ಲೇ ನಿಂತಿದ್ದ. 'ಕೊಟ್ ಕಳ್ಸಿ, ಜಾಗನಾದ್ರೂ ಆಯ್ತದೆ' ಅಂದರು ದೊಡ್ಡಪ್ಪ. ಅದೇ ವಾರ, ಸುದ್ದಿ ಹೇಗೆ ಮುಟ್ಟಿತೋ, ಹೆದ್ದಾರಿ ಬದಿಯ ಹೋಟೆಲಿನವರೊಬ್ಬರು ಫೋನ್ ಮಾಡಿದರು. ಗುಜರಿ ರೇಟಿನ ಹತ್ತು ಪಟ್ಟು ಕೊಡುತ್ತಾರಂತೆ. ಹಳದಿ ಬಣ್ಣ ಹೊಡೆಸಿ, ಮುಂದೆ ಹೂವಿನ ಕುಂಡ ಕೂರಿಸಿ, ಗೋಡೆಗೆ ನೇತು ಹಾಕುತ್ತಾರಂತೆ. 'ಜನ ಸೆಲ್ಫಿ ತಗೋತಾರೆ ಸಾರ್.'

ನಾವು ಇಬ್ಬರಿಗೂ ಕೊಡಲಿಲ್ಲ. ಸೈಕಲ್ಲನ್ನು ರಿಪೇರಿ ಮಾಡಿಸಿ, ನಮ್ಮ ಕೆಲಸಕ್ಕೆ ತಕ್ಕಂತೆ ಹೊಂದಿಸಿಕೊಂಡು, ಈಗ ಸುದ್ದಿಗೆ ಅದರಲ್ಲೇ ಹೋಗುತ್ತೇವೆ. ಎಲ್ಲ ಸುದ್ದಿಗೂ ಅಲ್ಲ, ಹತ್ತಿರದವಕ್ಕೆ. ಈ ಒಂದು ವರ್ಷದಲ್ಲಿ ಕಲಿತದ್ದನ್ನು ಇಲ್ಲಿ ಬರೆಯುತ್ತಿರುವುದು ತಾತನ ನೆನಪಿಗಾಗಿ ಅಲ್ಲ. ಒಂದು ಮಾತು ಹೇಳುವುದಕ್ಕೆ: ಹಳೇ ಸೈಕಲ್ಲು ಉಳಿಯುವುದು ಗೋಡೆಯ ಮೇಲಲ್ಲ, ರಸ್ತೆಯ ಮೇಲೆ. ರಸ್ತೆಯ ಮೇಲೆ ಉಳಿಯಬೇಕಾದರೆ ಎರಡು ಬೇಕು, ರಿಪೇರಿ ಗೊತ್ತಿರುವ ಕೈ ಮತ್ತು ಓಡಿಸಲು ಅಂಚು. ನಮ್ಮ ಜಿಲ್ಲೆಯಲ್ಲಿ ಎರಡೂ ಕಣ್ಣೆದುರಿಗೇ ಕರಗುತ್ತಿವೆ.

ಮೊದಲು ಸೈಕಲ್ಲಿನ ವಿಚಾರ. ಹ್ಯಾಂಡಲ್ಲಿನ ಕೆಳಗಿನ ಬಿಲ್ಲೆಯನ್ನು ಹುಣಸೆಹಣ್ಣಿನಲ್ಲಿ ಉಜ್ಜಿದಾಗ ಕೊಕ್ಕರೆಯ ತಲೆ ಕಾಣಿಸಿತು. ರಂಗನತಿಟ್ಟು ನೋಡಿದ ನಮಗೆ ಗುರುತಿನ ಹಕ್ಕಿಯೇ. ಅದು ಇಂಗ್ಲೆಂಡಿನ ನಾಟಿಂಗ್‌ಹ್ಯಾಂನ ರ‍್ಯಾಲಿ ಕಂಪನಿಯ ಗುರುತು. 1950ರ ದಶಕದಲ್ಲಿ ಬಂಗಾಳದ ಆಸನ್‌ಸೋಲ್‌ನಲ್ಲಿ ಸೆನ್-ರ‍್ಯಾಲಿ ಕಾರ್ಖಾನೆ ಇದೇ ಸೈಕಲ್ಲುಗಳನ್ನು ಇಲ್ಲಿಯೇ ಮಾಡತೊಡಗಿತು. ಅದೇ ಕಾಲದಲ್ಲಿ ಮದರಾಸಿನ ಅಂಬತ್ತೂರಿನಿಂದ ಹರ್ಕ್ಯುಲಸ್, ಹರಿಯಾಣದ ಸೋನಿಪತ್‌ನಿಂದ ಅಟ್ಲಾಸ್, ಲೂಧಿಯಾನದಿಂದ ಹೀರೋ ಬಂದವು. ನಮ್ಮ ಕಡೆಯ ಮೇಷ್ಟ್ರು, ಪೋಸ್ಟ್‌ಮ್ಯಾನ್, ಹಾಲಿನವರು, ಶ್ಯಾನುಭೋಗರು ಎಲ್ಲರೂ ಹತ್ತಿದ್ದು ಇವುಗಳನ್ನೇ. 28 ಇಂಚಿನ ಚಕ್ರ, ಕಡ್ಡಿ ಬ್ರೇಕು, ಸ್ಪ್ರಿಂಗ್ ಸೀಟು, ಸುಮಾರು 20 ಕೆ.ಜಿ. ತೂಕ. ಇವನ್ನು ಯಾರೂ ಪ್ರವಾಸದ ಸೈಕಲ್ ಎಂದು ಕರೆಯಲಿಲ್ಲ. ಆದರೆ ಕಿಕ್ಕೇರಿಯಿಂದ ಮೇಲುಕೋಟೆ ವೈರಮುಡಿಗೆ ಹಿಂದೆ ಹೆಂಡತಿ, ಮುಂದೆ ಮಗು ಕೂರಿಸಿಕೊಂಡು ಹೋಗಿ ಬಂದ ಸೈಕಲ್ಲಿಗಿಂತ ದೊಡ್ಡ ಪ್ರವಾಸಿ ಯಾವುದು?

ರಿಪೇರಿ ಆದದ್ದು ಒಂದೇ ಅಂಗಡಿಯಲ್ಲಲ್ಲ. ಒಂದು ಸೈಕಲ್ಲಿಗೆ ನಾಲ್ಕು ತಾಲ್ಲೂಕು ಸುತ್ತಬೇಕಾಯಿತು.

ಮೊದಲು ಶ್ರೀರಂಗಪಟ್ಟಣ. ಕೋಟೆ ಒಳಗಿನ ಸಣ್ಣ ಅಂಗಡಿಯ ಭಾಯಿಗೆ ಎಪ್ಪತ್ತು ದಾಟಿದೆ. ಸೈಕಲ್ ನೋಡಿದ ತಕ್ಷಣ ಕೈ ಹಾಕಲಿಲ್ಲ. ಸುತ್ತ ಒಂದು ಸಲ ನಡೆದು, ಪೆಡಲ್ ಹಿಂದಕ್ಕೆ ತಿರುಗಿಸಿ ಕಿವಿಗೊಟ್ಟು, 'ಪೇಂಟ್ ಮುಟ್ಬೇಡಿ ಸಾರ್, ಒಳಗಡೆ ಮಾತ್ರ ನೋಡೋಣ' ಎಂದರು. ಮೂರು ದಿನ ಸೀಮೆಎಣ್ಣೆಯಲ್ಲಿ ನೆನೆಸಿ, ಅಡಿಗೆ ಪೈಪ್ ಆನಿಸಿ, ಒಂದೇ ಏಟಿಗೆ ಕಾಟರ್ ಪಿನ್ ಹೊಡೆದು ತೆಗೆದರು. ಆನಿಕೆ ಇಲ್ಲದೆ ಹೊಡೆದರೆ ಏಟು ಗೋಲಿಗಳ ಮೇಲೆ ಬಿದ್ದು ಬಿ.ಬಿ. ಕಪ್ಪು ಹಾಳಾಗುತ್ತದೆ ಎಂದು ಹೇಳಿಕೊಟ್ಟರು. ಹಿಂದಿನ ಹಬ್ಬಿಗೆ ಕಾಲಿಂಚಿನ ಗೋಲಿ ಬದಿಗೆ ಒಂಬತ್ತು, ಮುಂದಿನದಕ್ಕೆ ಅದಕ್ಕಿಂತ ಸಣ್ಣವು ಹತ್ತು. ಎಣಿಸಲಿಲ್ಲ, ಬೆರಳಲ್ಲೇ ಗೊತ್ತು.

ಅವರ ಕೈಯ ಬೆಲೆ ನಮಗೆ ಅರ್ಥವಾದದ್ದು ಹೊಸ ಬಿ.ಬಿ. ಕಪ್ಪು ಕೂರಿಸುವಾಗ. ಅರ್ಧ ಸುತ್ತು ತಿರುಗಿಸಿ ನಿಲ್ಲಿಸಿಬಿಟ್ಟರು. 'ಇದರ ಥ್ರೆಡ್ ಬೇರೆ.' ಆಮೇಲೆ ಓದಿ ತಿಳಿದೆವು: ಬೇರೆ ಕಂಪನಿಗಳು ಅಲ್ಲಿ ಇಂಚಿಗೆ 24 ಥ್ರೆಡ್ ಇಟ್ಟರೆ ರ‍್ಯಾಲಿ 26 ಇಡುತ್ತಿತ್ತು. ಗೊತ್ತಿಲ್ಲದವರು ಸ್ಪಾನರ್ ಹಾಕಿ ಜಗ್ಗಿದ್ದರೆ ಫ್ರೇಮೇ ಕೆಡುತ್ತಿತ್ತು. ಭಾಯಿ ಯಾವ ಪುಸ್ತಕವನ್ನೂ ಓದಿದವರಲ್ಲ. ಹಳೇ ಕಪ್ಪನ್ನೇ ತೊಳೆದು, ಹೊಸ ಗೋಲಿ, ಹೊಸ ಗ್ರೀಸ್ ತುಂಬಿ ಕೂರಿಸಿದರು. ಈಗ ಪೆಡಲ್ ತಿರುಗಿದರೆ ಸದ್ದೇ ಇಲ್ಲ.

ಟೈರು ಸಿಕ್ಕಿದ್ದು ಪಾಂಡವಪುರದಲ್ಲಿ. 28ರ ಅಳತೆಯ ಟೈರು ಈಗಲೂ ತಯಾರಾಗುತ್ತದೆ, ಆದರೆ ಅಂಗಡಿಯವರು ತರಿಸುವುದಿಲ್ಲ. ಮೂರು ಕಡೆ 'ಅದೆಲ್ಲ ಈಗೆಲ್ಲಿ ಬತ್ತದೆ' ಎಂದರು. ನಾಲ್ಕನೆಯದು ಮೊದಲು ಸೈಕಲ್ ಶಾಪ್, ಈಗ ಮೊಬೈಲ್ ಅಂಗಡಿ. ಮಗ ಫೋನ್ ಗ್ಲಾಸ್ ಅಂಟಿಸುತ್ತಿದ್ದ. ತಂದೆ ಒಳಗೆ ಹೋಗಿ ಧೂಳು ಒರೆಸಿಕೊಂಡು ಎರಡು ಟೈರು, ಎರಡು ಟ್ಯೂಬು, ಒಂದು ಹಿಡಿ ವಾಲ್‌ಟ್ಯೂಬ್ ತಂದುಕೊಟ್ಟರು. ವಾಲ್‌ಟ್ಯೂಬಿಗೆ ಕಾಸು ಬೇಡ ಅಂದರು.

ಕೆ.ಆರ್.ಪೇಟೆಯ ಚಪ್ಪಲಿ ಹೊಲಿಯುವವರೊಬ್ಬರು ಹಳೇ ಸೀಟಿನ ಸ್ಪ್ರಿಂಗು, ಕಬ್ಬಿಣ ಉಳಿಸಿಕೊಂಡು ಮೇಲೆ ಹೊಸ ಚರ್ಮ ಎಳೆದು ಕೂರಿಸಿದರು. ಚರ್ಮವನ್ನು ಒಂದು ರಾತ್ರಿ ನೀರಲ್ಲಿ ನೆನೆಸಿ, ಹಸಿಯಾಗಿದ್ದಾಗಲೇ ಎಳೆದು ಕಟ್ಟಿ ಒಣಗಿಸಬೇಕು. ಇಲ್ಲದಿದ್ದರೆ ತಿಂಗಳೊಳಗೆ ಜೋತು ಬೀಳುತ್ತದಂತೆ. ನಾಗಮಂಗಲದಲ್ಲಿ ತಲೆತಲಾಂತರದಿಂದ ವಿಗ್ರಹ, ದೀಪ ಎರಕ ಹೊಯ್ಯುವ ಲೋಹಶಿಲ್ಪಿಗಳಿದ್ದಾರೆ. ಬೆಲ್ಲಿನ ಮುಚ್ಚಳ ತುಕ್ಕು ತಿಂದು ತೂತಾಗಿತ್ತು. ಅವರಲ್ಲೊಬ್ಬರು ಹಿತ್ತಾಳೆಯಲ್ಲಿ ಮಾಡಿಕೊಟ್ಟರು. ಈಗ ಬೆಲ್ ಹೊಡೆದರೆ ದೇವಸ್ಥಾನದ ಗಂಟೆ ಅಂತ ದಾರಿಹೋಕರು ತಿರುಗಿ ನೋಡುತ್ತಾರೆ. ಇಡೀ ಸೈಕಲ್ಲಿನಲ್ಲಿ ಶೋಕಿ ಅಂತ ಇರುವುದು ಅದೊಂದೇ.

ಉಳಿದ ಬದಲಾವಣೆಗಳೆಲ್ಲ ಅಗತ್ಯದವು. ಕ್ಯಾಮೆರಾ ಬ್ಯಾಗಿಗೆ ಮುಂದೊಂದು ಕ್ಯಾರಿಯರ್ ವೆಲ್ಡ್ ಮಾಡಿಸಿದೆವು, ಅದೂ ಫ್ರೇಮಿಗಲ್ಲ, ಆಕ್ಸಲ್‌ಗೆ ಬೋಲ್ಟ್ ಹಾಕುವಂತೆ. ಬೇಡವಾದಾಗ ಬಿಚ್ಚಿಟ್ಟರೆ ತಾತನ ಸೈಕಲ್ ಹಾಗೆಯೇ ಇರುತ್ತದೆ. ಹಿಂದಿನ ಫ್ರೀವೀಲ್ 18 ಹಲ್ಲಿನದು. ಮುಂದಿನ ಚಕ್ರಕ್ಕೆ 44 ಹಲ್ಲು. ಅಂದರೆ ಪೆಡಲ್ ಒಂದು ಸುತ್ತು ತಿರುಗಿದರೆ ಸೈಕಲ್ ಸುಮಾರು ಐದೂವರೆ ಮೀಟರ್ ಮುಂದೆ ಹೋಗುತ್ತದೆ. ನಾಲೆ ಏರಿಯ ಮೇಲೆ ಇದು ಸುಖ. ಜಕ್ಕನಹಳ್ಳಿಯಿಂದ ಮೇಲುಕೋಟೆ ಕಡೆಗೆ ತಿರುಗಿದರೆ ಮೊಣಕಾಲು ಕಳಚುತ್ತದೆ. ಭಾಯಿ 22 ಹಲ್ಲಿನ ಫ್ರೀವೀಲ್ ಹಾಕಿ ಚೈನಿಗೆ ಎರಡು ಕೊಂಡಿ ಸೇರಿಸಿದರು. ಈಗ ಒಂದು ಸುತ್ತಿಗೆ ನಾಲ್ಕೂವರೆ ಮೀಟರ್. ನಿಧಾನ, ಆದರೆ ಏರು ಹತ್ತುತ್ತದೆ. ಮಳೆಯಲ್ಲಿ ಇಳಿಯುವುದು ಮಾತ್ರ ನಡೆದೇ. ಒದ್ದೆಯಾದ ಸ್ಟೀಲ್ ರಿಮ್ಮಿನ ಮೇಲೆ ಕಡ್ಡಿ ಬ್ರೇಕು ಹಿಡಿಯುತ್ತದೆ ಎಂದು ನಂಬಿದರೆ ನಾಳಿನ ಸುದ್ದಿ ನಾವೇ ಆಗುತ್ತೇವೆ.

ಬಣ್ಣ ಹೊಡೆಸಲಿಲ್ಲ. ತುಕ್ಕು ಹಿಡಿದ ಕಡೆ ನೀರು ಪೇಪರಿನಲ್ಲಿ ಮೆಲ್ಲಗೆ ಉಜ್ಜಿ ಎಣ್ಣೆ ಸವರಿದೆವು. ಅಡ್ಡ ಪೈಪಿನ ಮೇಲೆ ಬಣ್ಣ ಹೋಗಿ ಹೊಳೆಯುವ ಒಂದು ಜಾಗವಿದೆ. ನಮ್ಮಪ್ಪ ಚಿಕ್ಕಂದಿನಲ್ಲಿ ಟವಲ್ ಹಾಸಿಕೊಂಡು ಕೂರುತ್ತಿದ್ದದ್ದು ಅಲ್ಲಿ. ಆಮೇಲೆ ನಾವು ಒಳಪೆಡಲ್ ಕಲಿಯುವಾಗ ಬಗಲು ಆನಿಸುತ್ತಿದ್ದದ್ದೂ ಅಲ್ಲೇ. ಅದರ ಮೇಲೆ ಹಳದಿ ಬಣ್ಣ ಹೊಡೆಸುವುದೆಂದರೆ ಪಹಣಿಯ ಮೇಲೆ ಸುಣ್ಣ ಬಳಿದಂತೆ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಬರಲಿ. 'ನಿಮ್ಮ ಮನೆಯಲ್ಲಿ ಗಾಡಿ ಇದೆ, ಅದಕ್ಕೇ ಸೈಕಲ್ ಚೆಂದ ಕಾಣುತ್ತದೆ. ಬೇರೆ ಗತಿಯಿಲ್ಲದೆ ತುಳಿದವರನ್ನು ಕೇಳಿ.' ಕೇಳಿದೆವು. ಮೂವತ್ತು ವರ್ಷ ಡೇರಿಗೆ ಕ್ಯಾನ್ ಹೊತ್ತು ತುಳಿದ ನಮ್ಮೂರಿನ ಹಿರಿಯರೊಬ್ಬರು, 'ಅದರ ಸುದ್ದಿ ಎತ್ತಬೇಡಪ್ಪ, ಸೊಂಟ ತಿಂದಾಕ್ತು' ಎಂದರು. ಒಪ್ಪುತ್ತೇವೆ. ನಮ್ಮಜ್ಜಿ ಈ ಸೈಕಲ್ಲಿನ ಹಿಂದೆ ಕೂತದ್ದು ಎಷ್ಟೋ ಸಲ, ತುಳಿದದ್ದು ಒಮ್ಮೆಯೂ ಇಲ್ಲ. ಹೆಣ್ಣುಮಕ್ಕಳು ಸೈಕಲ್ ತುಳಿಯುವುದು ನಮ್ಮ ಹಳ್ಳಿಗಳಲ್ಲಿ ಸಾಮಾನ್ಯವಾದದ್ದು ಸರ್ಕಾರ 2006–07ರಲ್ಲಿ ಎಂಟನೇ ತರಗತಿಯವರಿಗೆ ಸೈಕಲ್ ಕೊಡಲು ಶುರು ಮಾಡಿದ ಮೇಲೆ. ಆದ್ದರಿಂದ ಹಳೆಯದೆಲ್ಲ ಬಂಗಾರ ಎಂದು ನಾವು ಹೇಳುತ್ತಿಲ್ಲ.

ನಾವು ಹೇಳುವುದು ಇಷ್ಟೇ: ಈಗಲೂ ಗತಿಯಿಲ್ಲದೆ ತುಳಿಯುವವರಿದ್ದಾರೆ. ಗಾರ್ಮೆಂಟ್ಸ್ ಬಸ್ ಹಿಡಿಯಲು ಬೆಳಗಿನ ಜಾವ ಮುಖ್ಯ ರಸ್ತೆಗೆ ಬರುವವರು, ಹುಲ್ಲು ಹೊರೆ ತರುವವರು, ಹೈಸ್ಕೂಲ್ ಮಕ್ಕಳು. ಹಳೇ ಸೈಕಲ್ಲಿಗೆ ಬೇಕಾದ್ದೇ ಅವರಿಗೂ ಬೇಕಾದದ್ದು. ಸುದ್ದಿಗೆ ಹೋದ ಒಂದು ಪ್ರೌಢಶಾಲೆಯ ಹಿಂಭಾಗದಲ್ಲಿ ಸರ್ಕಾರಿ ಸೈಕಲ್ಲುಗಳು ಒಂದರ ಮೇಲೊಂದು ಬಿದ್ದಿದ್ದವು. ಟೈರು ಇಳಿದು, ಚೈನು ಗಟ್ಟಿಯಾಗಿ ನಿಂತವು. ಬಹುಪಾಲಿಗೆ ಬೇಕಾದದ್ದು ಒಂದು ಟ್ಯೂಬು, ಒಂದಿಷ್ಟು ಎಣ್ಣೆ, ಚಕ್ರದ ಬೆಂಡ್ ತೆಗೆಯುವ ಒಬ್ಬ ಮನುಷ್ಯ. ಆ ಊರಿನ ಸೈಕಲ್ ಶಾಪ್ ಮುಚ್ಚಿ ವರ್ಷಗಳಾಗಿದ್ದವು. ಕೊಡುವ ಯೋಜನೆಯೂ ಕೋವಿಡ್ ವರ್ಷಗಳಲ್ಲಿ ನಿಂತಿತು. ಕೊಟ್ಟವನ್ನು ಓಡುವಂತೆ ಇಡುವ ಯೋಜನೆ ಯಾವತ್ತೂ ಇರಲಿಲ್ಲ.

ಇನ್ನು ದಾರಿ. ಬೆಂಗಳೂರು–ಮೈಸೂರು ಹೆದ್ದಾರಿಯನ್ನು 2023ರ ಮಾರ್ಚ್‌ನಲ್ಲಿ ಮಂಡ್ಯದಲ್ಲೇ ಉದ್ಘಾಟಿಸಿದರು. ಅದೇ ವರ್ಷ ಆಗಸ್ಟ್ 1ರಿಂದ ಅದರ ಮುಖ್ಯ ಪಥಗಳಿಗೆ ಬೈಕು, ಆಟೊ, ಟ್ರ್ಯಾಕ್ಟರ್, ಸೈಕಲ್ ಬರುವಂತಿಲ್ಲ. ಅಪಘಾತಗಳನ್ನು ವರದಿ ಮಾಡಿದ ನಮಗೆ ಆ ನಿಷೇಧದ ಮೇಲೆ ಸಿಟ್ಟಿಲ್ಲ, ಆ ವೇಗದ ಪಕ್ಕದಲ್ಲಿ ಸೈಕಲ್ಲಿಗೆ ಜಾಗವಿಲ್ಲ. ಸಿಟ್ಟು ಇರುವುದು ನಿಷೇಧಿಸಿದವರನ್ನೆಲ್ಲ ಒಟ್ಟಿಗೆ ಸರ್ವಿಸ್ ರಸ್ತೆಗೆ ತಳ್ಳಿದ್ದಕ್ಕೆ. ಕಬ್ಬಿನ ಟ್ರ್ಯಾಕ್ಟರ್, ಎದುರಿನಿಂದ ಬರುವ ಬೈಕು, ನಿಲ್ಲಿಸಿದ ಲಾರಿ, ಇವುಗಳ ನಡುವೆ ಸೈಕಲ್ಲಿನವನಿಗೆ ಉಳಿಯುವುದು ಮೋರಿಯ ಅಂಚು. ಶ್ರೀರಂಗಪಟ್ಟಣದಿಂದ ಪಾಂಡವಪುರ, ನಾಗಮಂಗಲದ ಕಡೆ ಹೋಗುವ 150ಎ ಹೆದ್ದಾರಿಯಲ್ಲೂ ಡಾಂಬರು ಮುಗಿದ ಕಡೆ ಮಣ್ಣು ತಗ್ಗಿದೆ. ಹಿಂದಿನಿಂದ ಲಾರಿ ಹಾರನ್ ಹೊಡೆದರೆ ಇಳಿಯಲು ಜಾಗವಿಲ್ಲ.

ಇಟಲಿಯ ಟಸ್ಕನಿಯಲ್ಲಿ 1997ರಿಂದ ಎರೊಯಿಕಾ ಎಂಬ ಸೈಕಲ್ ಓಟ ನಡೆಯುತ್ತಿದೆ. ಅದಕ್ಕೆ ಹಳೇ ಕಾಲದ ಸೈಕಲ್ಲುಗಳನ್ನೇ ತರಬೇಕು. ನಮಗೆ ಹಿಡಿಸಿದ್ದು ಅದರ ಉದ್ದೇಶ: ಡಾಂಬರಿನಡಿ ಮಾಯವಾಗುತ್ತಿದ್ದ ಅಲ್ಲಿನ ಬಿಳಿ ಮಣ್ಣಿನ ಹಳ್ಳಿ ರಸ್ತೆಗಳನ್ನು ಉಳಿಸಬೇಕೆಂಬುದು. ಸೈಕಲ್ಲನ್ನೂ ದಾರಿಯನ್ನೂ ಒಟ್ಟಿಗೇ ಉಳಿಸಬೇಕು ಎಂದು ಅವರಿಗೆ ಹೊಳೆದಿತ್ತು. ನಮ್ಮಲ್ಲಿ ಅಂಥ ದಾರಿ ಕಟ್ಟಬೇಕಾಗಿಯೂ ಇಲ್ಲ. ವಿಶ್ವೇಶ್ವರಯ್ಯ ನಾಲೆಯ ಏರಿ ಇದೆ. ಒಂದು ಕಡೆ ನೀರು, ಒಂದು ಕಡೆ ಗದ್ದೆ, ಏರಿಳಿತ ಇಲ್ಲವೇ ಇಲ್ಲ. ಕೆಲವು ಕಡೆ ಅಂಚಿಗೆ ತಡೆ, ಕೆಲವು ಕಡೆ ಗುಂಡಿಗೆ ಮಣ್ಣು, ಇಷ್ಟಾದರೆ ಹೈಸ್ಕೂಲ್ ಮಕ್ಕಳಿಗೂ ಬೆಂಗಳೂರಿನಿಂದ ದುಬಾರಿ ಸೈಕಲ್ ತರುವವರಿಗೂ ಅದೇ ದಾರಿ ಆಗುತ್ತದೆ.

ಆದ್ದರಿಂದ ನಮ್ಮ ಕೋರಿಕೆ ಮೂರು. ಮನೆಯಲ್ಲಿ ಹಳೇ ಸೈಕಲ್ ಇರುವವರು ಗುಜರಿಗೆ ಹಾಕುವ ಮುನ್ನ ಒಮ್ಮೆ ಸೈಕಲ್ ಶಾಪಿಗೆ ತಳ್ಳಿಕೊಂಡು ಹೋಗಿ. ನಮಗೆ ಎಲ್ಲ ಸೇರಿ ಖರ್ಚಾದದ್ದು ಒಂದು ಸಾಧಾರಣ ಮೊಬೈಲಿನ ಅರ್ಧ ಬೆಲೆಯೂ ಅಲ್ಲ. ಪುರಸಭೆಗಳು ಮಳಿಗೆ ಹರಾಜು ಹಾಕುವಾಗ ಸೈಕಲ್ ರಿಪೇರಿಯವರಿಗೆ ಸಂತೆಯ ಪಕ್ಕದಲ್ಲೋ ಹೈಸ್ಕೂಲಿನ ಪಕ್ಕದಲ್ಲೋ ಹತ್ತಡಿ ಜಾಗ ಬಿಡಲಿ. ಶಾಲೆಗಳ ಸೈಕಲ್ಲುಗಳನ್ನು ವರ್ಷಕ್ಕೊಮ್ಮೆ ಓವರಾಯ್ಲಿಂಗ್ ಮಾಡುವ ಕೆಲಸವನ್ನು ಅವರಿಗೇ ಕೊಡಲಿ. ಮೂರನೆಯದು, ಸರ್ವಿಸ್ ರಸ್ತೆಯಲ್ಲಿ ಸೈಕಲ್ಲಿಗೆ ಒಂದು ಗೆರೆ, ನಾಲೆ ಏರಿಗೆ ಒಂದು ತಡೆ.

ತಡಮಾಡಿದರೆ ಏನಾಗುತ್ತದೆ ಎನ್ನುವುದಕ್ಕೆ ದೂರ ಹೋಗಬೇಕಿಲ್ಲ. ಅಟ್ಲಾಸ್ ಕಂಪನಿಯ ಸಾಹಿಬಾಬಾದ್ ಕಾರ್ಖಾನೆ ಕೆಲಸ ನಿಲ್ಲಿಸಿದ್ದು 2020ರ ಜೂನ್ 3ರಂದು. ಅದು ವಿಶ್ವ ಸೈಕಲ್ ದಿನ. ಕಾರ್ಖಾನೆ ಹೋದರೂ ಬಿಡಿಭಾಗ ಎಲ್ಲಿಂದಲೋ ಬರುತ್ತದೆ. ಅರ್ಧ ಸುತ್ತಿಗೆ 'ಇದರ ಥ್ರೆಡ್ ಬೇರೆ' ಎಂದು ನಿಲ್ಲಿಸುವ ಕೈ ಹೋದರೆ ಎಲ್ಲಿಂದ ತರುವುದು? ಭಾಯಿಯ ಮಗ ಮೈಸೂರಿನಲ್ಲಿ ಬೈಕ್ ಶೋರೂಮಿನಲ್ಲಿದ್ದಾನೆ. ಕೆಲಸ ಕಲಿಯಲು ಯಾರೂ ಬಂದಿಲ್ಲವೇ ಎಂದು ಕೇಳಿದೆವು. 'ಕಲ್ತು ಏನ್ ಮಾಡ್ತಾರೆ ಸಾರ್, ಸೈಕಲ್ ತರೋರೇ ಇಲ್ವಲ್ಲ' ಎಂದರು.

ಕಳೆದ ವಾರ ಪಂಚರ್ ಹಾಕಿಸಲು ಹೋದಾಗ ಅವರ ಅಂಗಡಿಯ ಮುಂದೆ ಇನ್ನೊಂದು ಹಳೇ ಹರ್ಕ್ಯುಲಸ್ ನಿಂತಿತ್ತು. ಯಾರದು ಎಂದು ಕೇಳಿದೆವು. ನಮ್ಮ ಸೈಕಲ್ ನೋಡಿದ ಗಂಜಾಂನ ಹುಡುಗನೊಬ್ಬ ತನ್ನ ತಾತನದನ್ನು ತಂದು ಬಿಟ್ಟಿದ್ದಾನಂತೆ. ಬಣ್ಣ ಹೊಡೆದುಕೊಡಿ ಎಂದು ಕೇಳಿದನಂತೆ. 'ಮೊದಲು ಓಡ್ಲಿ, ಆಮೇಲೆ ನೋಡೋಣ ಅಂದೆ' ಎಂದರು ಭಾಯಿ, ಟ್ಯೂಬನ್ನು ನೀರಿನ ಬಾಂಡ್ಲಿಯಲ್ಲಿ ಅದ್ದುತ್ತ.