ಹತ್ತು ನಿಮಿಷ ತಡೆಯಪ್ಪ

ಹೋದ ಶನಿವಾರ ಮೊಮ್ಮಗಳ ಖೊ ಖೊ ಪಂದ್ಯ ನೋಡಲು ತಾಲ್ಲೂಕು ಮೈದಾನಕ್ಕೆ ಹೋಗಿದ್ದೆ. ಫೈನಲ್ ಪಂದ್ಯ. ಒಂದೇ ಒಂದು ಪಾಯಿಂಟಿನಲ್ಲಿ ಇವರು ಸೋತರು. ಹುಡುಗಿಯರೆಲ್ಲ ಕಂಬದ ಹತ್ತಿರವೇ ಕುಸಿದು ಕೂತು ಅಳುತ್ತಿದ್ದರು. ಅವರ ಪಿ.ಟಿ. ಮೇಷ್ಟ್ರು ನೀರಿನ ಬಾಟಲಿಗಳನ್ನು ಎಣಿಸಿ ಎಣಿಸಿ ಚೀಲಕ್ಕೆ ತುಂಬುತ್ತಿದ್ದರು. ಎಣಿಸುವ ಅಗತ್ಯವೇನೂ ಇರಲಿಲ್ಲ. ತಲೆ ಎತ್ತದೆ ಇರಲು ಒಂದು ಕೆಲಸ ಬೇಕಿತ್ತು, ಅಷ್ಟೆ.

ಅಷ್ಟರಲ್ಲಿ ಯೂಟ್ಯೂಬ್ ಚಾನೆಲ್ಲಿನ ಹುಡುಗನೊಬ್ಬ ಓಡಿ ಬಂದ. ಒಂದು ಕೈಯಲ್ಲಿ ಮೊಬೈಲು, ಇನ್ನೊಂದರಲ್ಲಿ ಮೈಕು.

"ಸರ್, ಗೆಲ್ಲೋ ಮ್ಯಾಚು ಹೆಂಗೆ ಸೋತ್ರಿ? ಕೊನೇಲಿ ಔಟಾದಳಲ್ಲ, ಆ ಹುಡುಗಿಯಿಂದಲೇ ಹೋಯ್ತು ಅಂತಿದಾರೆ ಜನ?"

ಮೇಷ್ಟ್ರು ಅವನನ್ನು ಮೇಲಿಂದ ಕೆಳಗೆ ನೋಡಿದರು. "ಅವರು ಚೆನ್ನಾಗಿ ಆಡಿದ್ರು, ಗೆದ್ರು. ದಾರಿ ಬಿಡಪ್ಪ" ಎಂದು ಚೀಲ ಹೆಗಲಿಗೇರಿಸಿದರು.

ಅಳು ನಿಲ್ಲಿಸಿ ಇದನ್ನು ನೋಡುತ್ತಿದ್ದ ನನ್ನ ಮೊಮ್ಮಗಳಿಗೆ ಖುಷಿಯೋ ಖುಷಿ. "ನಮ್ಮ ಸರ್ ಸರಿಯಾಗಿ ಕೊಟ್ರು ಅಲ್ವಾ ತಾತ?" ಎಂದಳು. ನನಗೆ ನಗು ಬರಲಿಲ್ಲ. ನಲವತ್ತು ವರ್ಷಗಳ ಹಿಂದೆ ಅದೇ ಮೈದಾನದಲ್ಲಿ ಆ ಹುಡುಗನ ಜಾಗದಲ್ಲಿ ನಿಂತಿದ್ದವನು ನಾನು.

ಆಗ ನಾನು ಒಂದು ಪತ್ರಿಕೆಗೆ ನಮ್ಮ ಊರಿನ ಸುದ್ದಿ ಕಳಿಸುತ್ತಿದ್ದೆ. ಸುದ್ದಿ ಬರೆದ ಕಾಗದವನ್ನು ಲಕೋಟೆಗೆ ಹಾಕಿ ಸಂಜೆ ಆರೂವರೆಯ ಬಸ್ಸಿನ ಕಂಡಕ್ಟರ್ ಕೈಗೆ ಕೊಡಬೇಕು. ಬಸ್ಸು ಹೋಯಿತೆಂದರೆ ಸುದ್ದಿಯೂ ಹೋಯಿತು. ಆ ದಿನ ಹೈಸ್ಕೂಲು ಹುಡುಗರ ಕಬಡ್ಡಿ ಫೈನಲ್ ಮುಗಿದಾಗ ಆರು ದಾಟಿತ್ತು. ಸ್ಕೋರು ಇಪ್ಪತ್ತೊಂದು-ಇಪ್ಪತ್ತೊಂದು ಸಮ ಇದ್ದಾಗ ನಮ್ಮ ಊರಿನ ಶಾಲೆಯ ಹುಡುಗ ಕೊನೆಯ ರೈಡಿಗೆ ಹೋದ. ಗೆರೆ ದಾಟಿ ತಿರುಗಿ ಬಂದಿದ್ದರೆ ಪಂದ್ಯ ಸಮ ಆಗಿ ಇನ್ನಷ್ಟು ಹೊತ್ತು ಆಡಿಸುತ್ತಿದ್ದರು. ಅವನು ಮುಟ್ಟಲು ಹೋಗಿ ಸಿಕ್ಕಿಬಿದ್ದ. ನಾನು ಅವರ ಮೇಷ್ಟ್ರ ಹತ್ತಿರ ಓಡಿ, "ಯಾಕೆ ಸರ್, ವಾಪಸ್ ಬರಬಹುದಿತ್ತಲ್ಲ?" ಎಂದು ಕೇಳಿದೆ. ಅವರು ಮುಖ ತಿರುಗಿಸಿಕೊಂಡು ಹೊರಟೇ ಹೋದರು. ನಾನು ಬಸ್ಸಿಗೆ ಓಡಿದೆ. ಮರುದಿನ ಪತ್ರಿಕೆಯಲ್ಲಿ ಹುಡುಗನ ಹೆಸರಿನ ಸಮೇತ, ಅವನ ಅವಸರದಿಂದ ಕಪ್ ಕೈತಪ್ಪಿತು ಎಂದು ಬಂತು. ಬರೆದವನು ನಾನೇ.

ಉಳಿದದ್ದನ್ನು ಆಮೇಲೆ ಹೇಳುತ್ತೇನೆ. ಈ ಜಗಳ ನಮ್ಮ ಮೈದಾನದ್ದು ಮಾತ್ರ ಅಲ್ಲ. ಆಟ ಮುಗಿದ ಮೇಲೆ ಕೋಚುಗಳಿಗೂ ವರದಿಗಾರರಿಗೂ ಜಗತ್ತಿನ ಎಲ್ಲ ಕಡೆ ಹತ್ತಿ ಉರಿಯುತ್ತದೆ. ಇಬ್ಬರ ಗಡಿಯಾರವೂ ಬೇರೆ. ಕೋಚಿನ ಮನಸ್ಸು ಇನ್ನೂ ಕೊನೆಯ ನಿಮಿಷದಲ್ಲೇ ಸಿಕ್ಕಿಕೊಂಡಿರುತ್ತದೆ. ವರದಿಗಾರ ಆಗಲೇ ನಾಳೆಯ ಪುಟದಲ್ಲಿರುತ್ತಾನೆ. ದೊಡ್ಡ ಪಂದ್ಯಗಳಲ್ಲಾದರೆ ಮಾತಾಡದೆ ಜಾರಿಕೊಳ್ಳುವುದೂ ಸುಲಭವಲ್ಲ. ಕೋಟಿಗಟ್ಟಲೆ ಕೊಟ್ಟು ಪ್ರಸಾರದ ಹಕ್ಕು ಪಡೆದವರಿಗೆ ಆ ಮಾತೂ ಬೇಕು. ಟಿ.ವಿ.ಯಲ್ಲಿ ಕೋಚಿನ ಬೆನ್ನ ಹಿಂದೆ ಕಂಪನಿಗಳ ಹೆಸರು ತುಂಬಿದ ಬೋರ್ಡು ನೋಡಿದ್ದೀರಲ್ಲ, ಅದೂ ಇದೇ ವ್ಯಾಪಾರದ ಭಾಗ.

ಕೆಲವರು ಸಿಡಿದು ಹೋಗುತ್ತಾರೆ. ಜರ್ಮನಿಯ ಬಯರ್ನ್ ಮ್ಯೂನಿಕ್ ಫುಟ್‌ಬಾಲ್ ಕ್ಲಬ್ಬಿಗೆ ಜೊವಾನ್ನಿ ಟ್ರಪಟ್ಟೋನಿ ಎಂಬ ಇಟಲಿಯವರು ಕೋಚ್ ಆಗಿದ್ದರು. 1998ರ ಮಾರ್ಚ್‌ನಲ್ಲಿ ತಂಡ ಶಾಲ್ಕೆ ಎದುರು ಒಂದು ಗೋಲಿನಿಂದ ಸೋತಿತು. ಮಾರ್ಚ್ 10ರಂದು ಪತ್ರಕರ್ತರ ಮುಂದೆ ಕೂತ ಟ್ರಪಟ್ಟೋನಿ ಮೇಜು ಕುಟ್ಟಿ ಕೂಗಾಡಿಬಿಟ್ಟರು. ಸಿಟ್ಟು ಪತ್ರಕರ್ತರ ಮೇಲೂ ಇತ್ತು, ತಮ್ಮ ಆಟಗಾರರ ಮೇಲೂ ಇತ್ತು. ಆದರೆ ಭಾಷೆ? ಅವರಿಗೆ ಬರುತ್ತಿದ್ದದ್ದು ಹರುಕುಮುರುಕು ಜರ್ಮನ್. ಆಟಗಾರರು ಖಾಲಿ ಬಾಟಲಿಯ ಹಾಗೆ ಆಡಿದರು ಎಂದರು. ಕೊನೆಗೆ "ಇಶ್ ಹಾಬೆ ಫೆರ್ಟಿಶ್" ಎಂದು ಎದ್ದು ನಡೆದರು. 'ನನ್ನದು ಮುಗಿಯಿತು' ಎನ್ನಲು ಹೊರಟು, 'ನನಗೆ ಮುಗಿದಿದೆ' ಅಂದ ಹಾಗೆ. ಜರ್ಮನಿಯ ಜನ ನಕ್ಕರು, ಹಾಗೆಯೇ ಆ ತಪ್ಪು ಮಾತನ್ನೇ ಮನೆಮಾತು ಮಾಡಿಕೊಂಡರು. ಇವತ್ತಿಗೂ ಬೇಕೆಂದೇ ಹಾಗೆ ಹೇಳುವವರಿದ್ದಾರೆ. ಪರಭಾಷೆಯಲ್ಲಿ ಸಿಟ್ಟು ಮಾಡುವುದು ಎಷ್ಟು ಕಷ್ಟ ಎಂದು ಬೆಂಗಳೂರಿನ ಆಟೋದವರ ಹತ್ತಿರ ಹೊಸದಾಗಿ ಕಲಿತ ಕನ್ನಡದಲ್ಲಿ ಜಗಳ ಆಡಿದವರನ್ನು ಕೇಳಿ.

ಇನ್ನೊಬ್ಬರು ಅಮೆರಿಕದವರು, ಮೈಕ್ ಗಂಡಿ. ಒಕ್ಲಹೋಮ ಸ್ಟೇಟ್ ವಿಶ್ವವಿದ್ಯಾಲಯದ ಫುಟ್‌ಬಾಲ್ ಕೋಚ್ ಆಗಿದ್ದವರು. ಅಲ್ಲಿನ ಫುಟ್‌ಬಾಲು ಕೈಯಲ್ಲಿ ಚೆಂಡು ಹಿಡಿದು ಓಡುವ ಆಟ, ಗೊತ್ತಲ್ಲ. 2007ರ ಸೆಪ್ಟೆಂಬರ್ 22ರಂದು ಅವರ ತಂಡ 49-45ರಿಂದ ಗೆದ್ದಿತ್ತು. ಗೆದ್ದ ಕೋಚು ನಗುತ್ತಾ ಬರುತ್ತಾರೆ ಅಂದುಕೊಂಡರೆ ಇವರು ಒಂದು ಪತ್ರಿಕೆ ಹಿಡಿದು ಬಂದರು. ತಂಡದ ಒಬ್ಬ ವಿದ್ಯಾರ್ಥಿ ಆಟಗಾರನ ಮನೋಬಲವನ್ನೇ ಪ್ರಶ್ನಿಸಿ ಅದರಲ್ಲಿ ಅಂಕಣ ಬಂದಿತ್ತು. ಅವನ ತಾಯಿ ಅವನಿಗೆ ಊಟ ತಿನ್ನಿಸಿದ್ದನ್ನೂ ಬಿಟ್ಟಿರಲಿಲ್ಲ. ಗಂಡಿ ಗುಡುಗಿದರು: ಬೈಯುವುದಿದ್ದರೆ ನನ್ನನ್ನು ಬೈಯಿರಿ, ನಾನು ಗಂಡಸು, ನನಗೆ ನಲವತ್ತು ವರ್ಷ! ಅವನಿನ್ನೂ ಹುಡುಗ.

ಮೊದಲ ಸಲ ಆ ವಿಡಿಯೊ ನೋಡಿದಾಗ ನನಗೆ ಬೆವರು ಬಂತು. ಕೋಚು ಬೈಯುತ್ತಿದ್ದದ್ದು ನನ್ನನ್ನೇ ಅನ್ನಿಸಿತು. ಅದಾದ ಮೇಲೆ ಒಂದು ವಿಷಯ ತಿಳಿಯಿತು. ಆ ಕೂಗಾಟದಿಂದ ತನಗೆ ಒಳ್ಳೆಯದಾಗಲಿಲ್ಲ, ಇನ್ನಷ್ಟು ಕಷ್ಟವೇ ಆಯಿತು ಎಂದು ಆ ಹುಡುಗನೇ ಮುಂದೊಮ್ಮೆ ಹೇಳಿದ್ದ. ಅಂಕಣವನ್ನು ಓದದವರೂ ವಿಡಿಯೊ ನೋಡಿದ್ದರಲ್ಲ! ಗುರುಗಳು ಕೊಡೆ ಹಿಡಿಯಲು ಹೋಗಿ ಕೊಡೆಯ ಕಡ್ಡಿಯಲ್ಲೇ ಚುಚ್ಚಿದ ಹಾಗಾಯಿತು.

ಹಾಗಾದರೆ ಬಾಯಿ ಮುಚ್ಚಿಕೊಂಡಿರುವುದು ಒಳ್ಳೆಯದೇ? ಮ್ಯಾಂಚೆಸ್ಟರ್ ಯುನೈಟೆಡ್ ತಂಡವನ್ನು 1986ರಿಂದ 2013ರವರೆಗೆ ನಡೆಸಿದ ಅಲೆಕ್ಸ್ ಫರ್ಗುಸನ್ ಅದನ್ನೂ ಮಾಡಿ ನೋಡಿದರು. 2004ರಲ್ಲಿ ಬಿಬಿಸಿ ಅವರ ಮಗನ ವ್ಯವಹಾರದ ಬಗ್ಗೆ ಸಾಕ್ಷ್ಯಚಿತ್ರ ಮಾಡಿತೆಂದು ಮುನಿಸಿಕೊಂಡು, 2011ರ ಆಗಸ್ಟ್‌ವರೆಗೆ ಆ ಸಂಸ್ಥೆಗೆ ಸಂದರ್ಶನ ಕೊಡಲಿಲ್ಲ. ಏಳು ವರ್ಷ! ಪಂದ್ಯ ಮುಗಿದರೆ ಬಿಬಿಸಿ ಮೈಕಿನ ಮುಂದೆ ಅವರ ಸಹಾಯಕ ಬಂದು ನಿಲ್ಲುತ್ತಿದ್ದ. ತಂದೆಯ ನೋವು ನನಗೆ ಅರ್ಥವಾಗುತ್ತದೆ. ಆದರೆ ಆ ಏಳು ವರ್ಷದಲ್ಲಿ ಮಾತು ತಪ್ಪಿಹೋದದ್ದು ಯಾರಿಗೆ? ಟಿ.ವಿ. ಮುಂದೆ ಕೂತ ಅಭಿಮಾನಿಗೆ. ಅವನೇನು ತಪ್ಪು ಮಾಡಿದ್ದ?

ಮೌನದ ಬೆಲೆ ಎಷ್ಟೆಂದು ನನಗೆ ಗೊತ್ತಾದದ್ದು ನಮ್ಮ ಊರಿನ ಕಬಡ್ಡಿ ಮೇಷ್ಟ್ರು ನಿವೃತ್ತರಾದ ದಿನ. ಪತ್ರಿಕೆಯಲ್ಲಿ ಹೆಸರು ಬಂದ ಮೇಲೆ ಆ ಹುಡುಗ ಅಭ್ಯಾಸಕ್ಕೆ ಬರುವುದನ್ನು ಬಿಟ್ಟಿದ್ದ. ಮೇಷ್ಟ್ರು ನನ್ನೊಂದಿಗೆ ಮಾತು ಬಿಟ್ಟಿದ್ದರು. ಎದುರಾದರೆ ನಮಸ್ಕಾರ, ಮುಂದಕ್ಕೆ ಒಂದಕ್ಷರ ಇಲ್ಲ. ಬೀಳ್ಕೊಡುಗೆಯ ಊಟದ ಎಲೆಯ ಮುಂದೆ ನಮ್ಮಿಬ್ಬರಿಗೂ ಪಕ್ಕಪಕ್ಕ ಜಾಗ ಸಿಕ್ಕಿತು. ಪಾಯಸ ಬಡಿಸುವ ಹೊತ್ತಿಗೆ ಅವರಾಗಿ ಬಾಯಿ ಬಿಟ್ಟರು.

"ಆ ಇಪ್ಪತ್ತೊಂದರಲ್ಲಿ ಹನ್ನೆರಡು ಪಾಯಿಂಟು ಅವನೊಬ್ಬನೇ ತಂದಿದ್ದು. ನೀನು ಅದನ್ನ ಬರೀಲಿಲ್ಲ."

ನಾನು ತಲೆ ತಗ್ಗಿಸಿದೆ.

"ವಾಪಸ್ ಬರಬೇಡ, ಮುಟ್ಟಿಕೊಂಡೇ ಬಾ ಅಂತ ಗೆರೆ ಪಕ್ಕದಿಂದ ಕೂಗಿದ್ದು ನಾನು ಕಣಯ್ಯ. ನೀನು ಕೇಳಿದಾಗ ಹೇಳಿದ್ದರೆ ಮುಗೀತಿತ್ತು. ನಾಲಿಗೆ ಏಳಲಿಲ್ಲ. ಹತ್ತು ನಿಮಿಷ ಬಿಟ್ಟು ಕೇಳಿದ್ದರೆ ಹೇಳ್ತಿದ್ದೆನೋ ಏನೋ."

ಹತ್ತು ನಿಮಿಷ ಬಿಟ್ಟಿದ್ದರೆ ಬಸ್ಸು ಹೋಗುತ್ತಿತ್ತು. ಹೋಗಿದ್ದರೆ ಏನಾಗುತ್ತಿತ್ತು ಎಂದು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ಒಂದು ಕಬಡ್ಡಿ ಸುದ್ದಿ ಒಂದು ದಿನ ತಡವಾಗುತ್ತಿತ್ತು. ಆ ಹುಡುಗ ಮತ್ತೆ ಅಂಕಣಕ್ಕೆ ಕಾಲಿಡಲಿಲ್ಲ. ಈಗ ಊರಿನಲ್ಲೇ ರಸಗೊಬ್ಬರದ ಅಂಗಡಿ ಇಟ್ಟಿದ್ದಾನೆ. ಸಿಕ್ಕಾಗ ಮಳೆ, ಬೆಳೆ, ಮಕ್ಕಳ ಓದು ಎಲ್ಲ ಮಾತಾಡುತ್ತಾನೆ. ಆಟದ ಮಾತನ್ನು ಅವನೂ ತೆಗೆದಿಲ್ಲ, ನಾನೂ ತೆಗೆದಿಲ್ಲ.

2023ರ ನವೆಂಬರ್ 19ರ ರಾತ್ರಿ ನಮ್ಮ ರಾಹುಲ್ ದ್ರಾವಿಡ್ ಪತ್ರಿಕಾಗೋಷ್ಠಿಗೆ ಬಂದು ಕೂತದ್ದನ್ನು ನಾನು ಅದಕ್ಕೇ ಅಷ್ಟು ಗಮನವಿಟ್ಟು ನೋಡಿದ್ದು. ಸತತ ಹತ್ತು ಪಂದ್ಯ ಗೆದ್ದು ಬಂದಿದ್ದ ತಂಡ ಅಹಮದಾಬಾದಿನ ವಿಶ್ವಕಪ್ ಫೈನಲ್‌ನಲ್ಲಿ ಆಸ್ಟ್ರೇಲಿಯಾಕ್ಕೆ 6 ವಿಕೆಟ್‌ಗಳಿಂದ ಸೋತಿತ್ತು. ದೇಶಕ್ಕೆ ದೇಶವೇ ಟಿ.ವಿ. ಆರಿಸಿ ಮಲಗಿತ್ತು. ಕೋಚ್ ದ್ರಾವಿಡ್ ಬಂದರು, ಕೂಗಲಿಲ್ಲ, ಯಾರ ಹೆಸರನ್ನೂ ತಪ್ಪಿಗೆ ಗುರಿ ಮಾಡಲಿಲ್ಲ. ಹುಡುಗರು ಪಟ್ಟ ಶ್ರಮ ತಮಗೆ ಗೊತ್ತು, ಡ್ರೆಸ್ಸಿಂಗ್ ರೂಮಿನಲ್ಲಿ ಅವರನ್ನು ಆ ಸ್ಥಿತಿಯಲ್ಲಿ ನೋಡುವುದು ಕೋಚ್ ಆಗಿ ಕಷ್ಟವಾಯಿತು ಎಂದರು. ಮುಂದಿನ ವರ್ಷ ಜೂನ್ 29ರಂದು ಬಾರ್ಬಡೋಸ್‌ನಲ್ಲಿ ಟಿ-20 ವಿಶ್ವಕಪ್ ಗೆದ್ದಾಗ ಅದೇ ಮನುಷ್ಯ ಕಪ್ ಹಿಡಿದು ಗಂಟಲು ಹರಿಯುವಂತೆ ಕೂಗಿದ್ದನ್ನೂ ನೋಡಿದೆವು. ಆ ಕೂಗು ಏಳು ತಿಂಗಳು ಒಳಗೇ ಇತ್ತೋ ಏನೋ!

ಮತ್ತೆ ಶನಿವಾರಕ್ಕೆ ಬರೋಣ. ಮೈಕಿನ ಹುಡುಗ ಪೆಚ್ಚಾಗಿ ನಿಂತಿದ್ದ. "ಬಾರಪ್ಪ, ಟೀ ಕುಡಿಯೋಣ. ಹತ್ತು ನಿಮಿಷ ತಡಿ" ಎಂದೆ. ಗೇಟಿನ ಪಕ್ಕದ ಟೀ ಅಂಗಡಿಯಲ್ಲಿ ಮೇಷ್ಟ್ರೂ ಸಿಕ್ಕರು. ಹುಡುಗ ಈ ಸಲ ಮೈಕು ಜೇಬಿನಲ್ಲಿಟ್ಟುಕೊಂಡು, "ಸರ್, ಇವರಿಗೆ ಎಷ್ಟು ದಿನದಿಂದ ಪ್ರಾಕ್ಟೀಸ್ ಮಾಡಿಸ್ತಿದ್ರಿ?" ಎಂದು ಕೇಳಿದ. ಮೇಷ್ಟ್ರು ಅರ್ಧ ಟೀ ಕುಡಿದು ಶುರು ಮಾಡಿದರು. ಬೆಳಿಗ್ಗೆ ಆರಕ್ಕೇ ಬರುವ ಹುಡುಗಿಯರು, ಶಾಲೆಯ ಅಂಗಳದ ಕಲ್ಲು, ಒಂದು ಕಂಬ ಮುರಿದು ಬಡಗಿಯನ್ನು ಹುಡುಕಿಕೊಂಡು ಅಲೆದದ್ದು, ಎಲ್ಲ ಬಂತು. ಔಟಾದ ಹುಡುಗಿಯ ಹೆಸರು ಬರಲಿಲ್ಲ. ಓಡುವವರ ಸರದಿಯನ್ನು ಕೊನೆಯಲ್ಲಿ ತಾನು ಬದಲಾಯಿಸಿದ್ದು ಲೆಕ್ಕ ತಪ್ಪಿತು ಎಂದು ಮಾತ್ರ ಎರಡೆರಡು ಸಲ ಹೇಳಿದರು. ಅಷ್ಟು ಹೊತ್ತಿಗೆ ಹುಡುಗ ಅವರನ್ನು ಕೇಳಿಯೇ ಮೈಕು ಹೊರಗೆ ತೆಗೆದಿದ್ದ.

ವಿಡಿಯೊ ರಾತ್ರಿಯೇ ಬಂತು. ಮೊಮ್ಮಗಳು ಅದನ್ನು ಆರು ಸಲ ನೋಡಿದಳು. ಹಿಂದೆ ನಿಂತು ಬೋಂಡಾ ತಿನ್ನುತ್ತಿರುವವನು ನಾನು ಎಂದು ಎಲ್ಲರಿಗೂ ತೋರಿಸಿದ್ದಾಳೆ.