ನಮ್ಮೂರ ಬಾನುಲಿ ಏಕೆ ಮೌನ?

ಪುತ್ತೂರಿನಲ್ಲಿ ‘ರೇಡಿಯೋ ಪಾಂಚಜನ್ಯ’ ಎಂಬ ಸಮುದಾಯ ಬಾನುಲಿ ಇದೆ. ಅಲ್ಲಿ ತಾಲೂಕಿನ ರಾಜಕೀಯದ ಚರ್ಚೆ ಕೇಳಬಯಸಿದರೆ ನಿರಾಸೆಯಾದೀತು, ದೋಷ ಬಾನುಲಿಯದಲ್ಲ. ಕೇಂದ್ರ ಸರಕಾರದ 2006ರ ಮಾರ್ಗಸೂಚಿಯು ಸಮುದಾಯ ಬಾನುಲಿಗಳಿಗೆ ಸುದ್ದಿ, ಪ್ರಚಲಿತ ವಿದ್ಯಮಾನ, ರಾಜಕೀಯ ಕಾರ್ಯಕ್ರಮಗಳನ್ನು ನಿಷೇಧಿಸಿತು. ಬಳಿಕ ಆಕಾಶವಾಣಿಯ ವಾರ್ತೆಯನ್ನು ಪ್ರಸಾರ ಮಾಡಲು ಮಾತ್ರ ಅನುಮತಿ ದೊರೆಯಿತು. ಅಡಿಕೆಯ ಎಲೆಚುಕ್ಕಿ ರೋಗದ ಬಗ್ಗೆ ಮಾತನಾಡಬಹುದು. ಪರಿಹಾರವೆಲ್ಲಿ ಎಂದು ಶಾಸಕರನ್ನು ಕೇಳುವುದು ಕಷ್ಟ.

ಈ ಮೌನವನ್ನು ತುಂಬಿದವರು ಯಾರು? ಸುಳ್ಯದಲ್ಲೋ ಕಡಬದಲ್ಲೋ ಏನಾದರೂ ನಡೆದರೆ, ನಾವು ಇಶಾ ನಮಾಝ್ ಮುಗಿಸಿ ಹೊರಬರುವಷ್ಟರಲ್ಲಿ ಹೆಸರಿಲ್ಲದ ಧ್ವನಿಯೊಂದು ವಾಟ್ಸಾಪ್‌ಗೆ ಬಂದಿರುತ್ತದೆ. ಅದನ್ನು ಮುಂದಕ್ಕೆ ಕಳುಹಿಸಿದವರಲ್ಲಿ ನಮ್ಮವರೂ ಇದ್ದಾರೆ, ಮದ್ರಸ ಕಲಿತವರೂ! ಬಾನುಲಿಯಲ್ಲಿ ಮಾತನಾಡುವವನಿಗೆ ಹೆಸರಿರುತ್ತದೆ, ಕೇಂದ್ರಕ್ಕೆ ಪರವಾನಿಗೆಯ ಭಯವಿರುತ್ತದೆ. ಆದುದರಿಂದ ಸ್ಥಳೀಯ ಚರ್ಚೆಗೆ ಅನುಮತಿ ನೀಡಬೇಕೆಂದು ನಮ್ಮ ಜಮಾಅತ್‌ಗಳೂ ಆಗ್ರಹಿಸಬೇಕು. ಮೈಕಿನೆದುರು ಕುಳಿತು ಕನ್ನಡದಲ್ಲಿ ತಾಳ್ಮೆಯಿಂದ ಮಾತನಾಡಬಲ್ಲ ಮಕ್ಕಳನ್ನು ಈಗಲೇ ಸಿದ್ಧಪಡಿಸಬೇಕು.