ಹಾಡು ಯಾರದು, ಹೆಸರು ಯಾರದು?

ಚಕ್ ಬೆರ್ರಿಯ ಮೊದಲ ರೆಕಾರ್ಡಿನ ಕತೆ ಹೇಳಿದಾಗಲೆಲ್ಲ ಗೆಳೆಯರು ಒಂದೇ ಮಾತಿನಲ್ಲಿ ನನ್ನ ಬಾಯಿ ಮುಚ್ಚಿಸುತ್ತಾರೆ: ‘ಆಗಿನ ಕಾಲವೇ ಹಾಗಿತ್ತು, ಬಿಡು.’ ನನ್ನ ತಕರಾರು ಇರುವುದು ಈ ‘ಬಿಡು’ವಿನ ಮೇಲೆ.

1955ರ ಮೇ ತಿಂಗಳು. ಸೇಂಟ್ ಲೂಯಿಸ್‌ನ ಕಪ್ಪು ಯುವಕ ಬೆರ್ರಿ ಷಿಕಾಗೋಗೆ ಹೋದ. ಕಾರು ಕಾರ್ಖಾನೆಯಲ್ಲಿ ದುಡಿದವನು, ಕೇಶಾಲಂಕಾರ ಕಲಿತವನು. ಬ್ಲೂಸ್ ಗಾಯಕ ಮಡ್ಡಿ ವಾಟರ್ಸ್ ಅವನಿಗೆ ಲಿಯೊನಾರ್ಡ್ ಚೆಸ್‌ನ ರೆಕಾರ್ಡ್ ಕಂಪನಿಯ ದಾರಿ ತೋರಿಸಿದ. ಚೆಸ್‌ಗೆ ಹಿಡಿಸಿದ್ದು ಬೆರ್ರಿಯ ಬ್ಲೂಸ್ ಅಲ್ಲ. ಬಿಳಿಯರ ಹಳೆಯ ಹಳ್ಳಿಹಾಡು ‘ಐಡಾ ರೆಡ್’ನ ಧಾಟಿ ಹಿಡಿದು ಅವನು ಹೊಸದಾಗಿ ಕಟ್ಟಿದ ಹಾಡು. ಅದೇ ‘ಮೇಬಲೀನ್’. ಕೈಕೊಟ್ಟ ಹುಡುಗಿಯ ಹಿಂದೆ ಕಾರು ಓಡಿಸುವವನ ಕತೆ. ಕಪ್ಪು ಕೇಳುಗರ ಪಟ್ಟಿಯಲ್ಲಿ ಅದು ಒಂದನೇ ಸ್ಥಾನಕ್ಕೇರಿತು. ಪಾಪ್ ಪಟ್ಟಿಯಲ್ಲೂ ಐದನೆಯದಾಯಿತು.

ಆದರೆ ಹಾಡು ಬರೆದವರೆಂದು ನಮೂದಾದವರು ಮೂವರು! ಬೆರ್ರಿಯ ಜೊತೆ ರೇಡಿಯೊ ನಿರೂಪಕ ಅಲನ್ ಫ್ರೀಡ್ ಮತ್ತು ರಸ್ ಫ್ರಾಟೊ ಎಂಬ ವ್ಯಾಪಾರಿ. ಇವರಿಬ್ಬರೂ ಒಂದು ಸಾಲನ್ನೂ ಬರೆದವರಲ್ಲ. ಅವರ ಹೆಸರುಗಳನ್ನು ತೆಗೆಸಿ ಹಾಡನ್ನು ಪೂರ್ತಿ ತನ್ನದಾಗಿಸಿಕೊಳ್ಳಲು ಬೆರ್ರಿ 1986ರವರೆಗೆ ಕಾಯಬೇಕಾಯಿತು. ಮೂವತ್ತೊಂದು ವರ್ಷ!

ಫ್ರೀಡ್ ರೇಡಿಯೊದಲ್ಲಿ ಹಾಕದಿದ್ದರೆ ಹಾಡನ್ನು ಯಾರು ಕೇಳುತ್ತಿದ್ದರು ಎಂದು ವಾದಿಸುವವರಿದ್ದಾರೆ. ಇರಬಹುದು. ಪುಸ್ತಕ ಮಾರಿದವನು ಕಮಿಷನ್ ಕೇಳಲಿ, ಕೊಡೋಣ. ಅವನನ್ನು ಕವಿ ಎಂದು ಕರೆಯಬೇಕೆ? ವಚನದ ಕೊನೆಯ ಅಂಕಿತ ನೋಡಿ ವಚನಕಾರರನ್ನು ಗುರುತಿಸುವ ನಮಗಾದರೂ ಹೆಸರಿನ ಬೆಲೆ ಗೊತ್ತಿರಬೇಕಲ್ಲವೆ?

ಇಷ್ಟು ಹೇಳಿ ಬೆರ್ರಿಯನ್ನು ಹುತಾತ್ಮನ ಪೀಠದಲ್ಲಿ ಕೂರಿಸಿದರೆ ನಾನೂ ಅರ್ಧಸತ್ಯ ಹೇಳಿದಂತೆ. 1952ರ ಕೊನೆಯ ರಾತ್ರಿ ಪಿಯಾನೊ ವಾದಕ ಜಾನಿ ಜಾನ್ಸನ್, ಕಾಯಿಲೆ ಬಿದ್ದ ಜೊತೆಗಾರನ ಜಾಗಕ್ಕೆ ಬೆರ್ರಿಯನ್ನು ಕರೆದ. ತಂಡ ಜಾನ್ಸನ್‌ನದು; ಬರಬರುತ್ತಾ ಅದು ಬೆರ್ರಿಯದಾಯಿತು. ‘ಮೇಬಲೀನ್’ನ ಪಿಯಾನೊ ಕೂಡ ಜಾನ್ಸನ್‌ನದೇ. ಬೆರ್ರಿಯ ಎಷ್ಟೋ ಹಾಡುಗಳ ಸಂಗೀತದಲ್ಲಿ ತನಗೂ ಪಾಲಿದೆಯೆಂದು ಅವನು 2000ರಲ್ಲಿ ಕೋರ್ಟಿಗೆ ಹೋದ. ತುಂಬ ತಡವಾಯಿತು ಎಂದು ಕೋರ್ಟು 2002ರಲ್ಲಿ ದಾವೆಯನ್ನು ವಜಾ ಮಾಡಿತು. ಯಾರ ಪಾಲು ಎಷ್ಟೆಂಬುದು ಇತ್ಯರ್ಥವಾಗಲೇ ಇಲ್ಲ.

ಎರಡೂ ಒಂದೇ ತೂಕದವೆಂದು ನಾನು ಹೇಳುತ್ತಿಲ್ಲ. ಫ್ರೀಡ್ ಏನನ್ನೂ ಕಟ್ಟದೆ ಹೆಸರು ಪಡೆದ. ಜಾನ್ಸನ್ ಪಕ್ಕದಲ್ಲೇ ಕೂತು ನುಡಿಸಿಯೂ ಹೆಸರಿಲ್ಲದೆ ಉಳಿದ. ಆದರೆ ‘ಕಾಲವೇ ಹಾಗಿತ್ತು’ ಎಂಬ ಮಾತು ಮೊದಲನೆಯದನ್ನು ಮನ್ನಿಸುತ್ತದೆ, ಎರಡನೆಯದನ್ನು ಮರೆಸುತ್ತದೆ. ಕಾಲ ತಾನಾಗಿ ಯಾವ ಕಾಗದದ ಮೇಲೂ ಹೆಸರು ಬರೆಯುವುದಿಲ್ಲ. ಬರೆಯುವ ಕೈ ಯಾರದೋ ಇರುತ್ತದೆ. ಆ ಕೈ ಯಾರದೆಂದು ಕೇಳುವುದನ್ನು ನಾನಂತೂ ಬಿಡುವುದಿಲ್ಲ.